ಟೆಸ್ಟ್ ಸೊನ್ನೆ, ಕಲ್ಲಿನ ತುಂಬ ಪಾಚಿ

ಪ್ರಶ್ನೆ: ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಜನವರಿಯಲ್ಲಿ ಒಣ ಕಲ್ಲು ಹಾಕಿ ಶುರು ಮಾಡಿದ್ದು. ಎರಡು ಕ್ಲೌನ್, ಮೂರು ಡ್ಯಾಮ್ಸೆಲ್ ಮೀನು. ಝೊವಾಂಥಿಡ್, ಮಶ್ರೂಮ್, ಲೆದರ್ ಹವಳಗಳಿವೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿ ತಂಪಾಗಿಟ್ಟೆ, ಆರಿದ ನೀರಿಗೆ ಮನೆಯ ಬಾವಿ ನೀರು ತುಂಬಿದೆ. ನೀರು ಬದಲಿಸಲು ಟಾಗೋರ್ ಕಡಲತೀರದ ನೀರು ತರುತ್ತೇನೆ. ಜುಲೈಯಿಂದ ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ, ಮರಳಿನ ಮೇಲೆ ಕಂದು ಪದರ. ಫಾಸ್ಫೇಟ್ ಟೆಸ್ಟ್ ಸೊನ್ನೆ, ನೈಟ್ರೇಟ್ 5 ತೋರಿಸುತ್ತದೆ. ಹಾಗಿದ್ದರೆ ಪಾಚಿ ತಿನ್ನುವುದು ಏನನ್ನು? ಯಾವ ಔಷಧಿ ಹಾಕಬೇಕು? ಮಳೆಗಾಲದಲ್ಲಿ ಕಡಲ ನೀರು ಸಪ್ಪೆ ಇರುವುದರಿಂದ ಸಾಣಿಕಟ್ಟಾ ಉಪ್ಪು ಬೆರೆಸಬಹುದೇ?
— ಕೋಡಿಬಾಗ, ಕಾರವಾರದ ಓದುಗರು

ಉತ್ತರ: ಟೆಸ್ಟ್ ಕಿಟ್ ಸುಳ್ಳು ಹೇಳುತ್ತಿಲ್ಲ. ಅದು ಹೇಳುವುದು ನೀರಿನಲ್ಲಿ ಉಳಿದಿರುವ ಫಾಸ್ಫೇಟ್ ಎಷ್ಟು ಎಂದು ಮಾತ್ರ. ಪಾಚಿ ಈಗಾಗಲೇ ನುಂಗಿದ್ದು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ದನ ಮೇದು ಮುಗಿಸಿದ ಮೇಲೆ ಗೋದಲಿ ನೋಡಿ ಹುಲ್ಲೇ ಹಾಕಿಲ್ಲ ಎಂದಂತಾಯಿತು. ಬಣ್ಣದ ಪಟ್ಟಿಗೆ ಹೋಲಿಸಿ ನೋಡುವ ಅಗ್ಗದ ಕಿಟ್‌ಗಳಲ್ಲಿ 0.1 ಪಿಪಿಎಮ್‌ಗಿಂತ (ಒಂದು ಪಿಪಿಎಮ್ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ) ಕೆಳಗಿನ ವ್ಯತ್ಯಾಸ ಕಣ್ಣಿಗೆ ಕಾಣುವುದೂ ಕಷ್ಟ. ಹವಳದ ಟ್ಯಾಂಕಿಗೆ ಬೇಕಾದ ಮಟ್ಟವೋ 0.03ರಿಂದ 0.1ರೊಳಗೆ. ಹಾಗಾಗಿ ಮೊದಲು ಬೆಳಕಿನಿಂದ ಅಳೆಯುವ ಕೈಗಾತ್ರದ ಫೋಟೋಮೀಟರ್ ಒಂದನ್ನು ತರಿಸಿಕೊಳ್ಳಿ, ಇಲ್ಲವೇ ಯಾರಿಂದಲಾದರೂ ಕಡ ತನ್ನಿ. ಕೆಲವು ಮೀಟರ್‌ಗಳು ಫಾಸ್ಫೇಟ್ ಬದಲು ಫಾಸ್ಫರಸ್ಸನ್ನು ಪಿಪಿಬಿಯಲ್ಲಿ, ಅಂದರೆ ಪಿಪಿಎಮ್‌ನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ, ತೋರಿಸುತ್ತವೆ. ಆ ಅಂಕಿಯನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಪಿಪಿಎಮ್ ಫಾಸ್ಫೇಟ್ ಸಿಗುತ್ತದೆ. 20 ಎಂದು ತೋರಿಸಿದರೆ ಸುಮಾರು 0.06, ಅಷ್ಟಿದ್ದರೆ ಗಾಬರಿ ಬೇಡ.

ಇನ್ನು ಒಳಗೆ ಬರುತ್ತಿರುವುದರ ಲೆಕ್ಕ ಹಾಕೋಣ. ನಿಮ್ಮ ಟ್ಯಾಂಕಿನ ಒಟ್ಟು ಗಾತ್ರ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಕಲ್ಲು, ಮರಳು ಕಳೆದರೆ ನೀರು 200 ಲೀಟರ್ ಎನ್ನೋಣ. ಬೇಸಿಗೆಯಲ್ಲಿ ಫ್ಯಾನ್ ಗಾಳಿಗೆ ದಿನಕ್ಕೆ 4 ಲೀಟರ್ ಆರುವುದು ಸಹಜ. ಆರುವುದು ಬರೀ ನೀರು. ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತದೆ. ನಮ್ಮ ಕಡೆಯ ಚೀರೆಕಲ್ಲಿನ ನೆಲದ ಬಾವಿ ನೀರು ಕುಡಿಯಲು ಸಿಹಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇಟ್ಟರೂ ಕಡಿಮೆಯೇ. ಆದರೆ ಅದರಲ್ಲಿ ಸಿಲಿಕೇಟ್ ಇರುತ್ತದೆ. ಹಿತ್ತಲಿನ ಗೊಬ್ಬರ, ಶೌಚದ ಗುಂಡಿ ಹತ್ತಿರವಿದ್ದರೆ ನೈಟ್ರೇಟ್ ಕೂಡ. ಲೀಟರಿಗೆ 15 ಮಿಲಿಗ್ರಾಂ ಸಿಲಿಕಾ ಇದ್ದರೆ ದಿನಕ್ಕೆ 60 ಮಿಲಿಗ್ರಾಂ ಒಳಬಂತು, ಟ್ಯಾಂಕಿಗೆ ಅದು 0.3 ಪಿಪಿಎಮ್. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳಿಗೆ 27. ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಅದೇ ಮೂರು ತಿಂಗಳಲ್ಲಿ 18 ಪಿಪಿಎಮ್. ಅಷ್ಟೂ ನೀರಲ್ಲೇ ಕೂತಿರುವುದಿಲ್ಲ, ಯಾರಾದರೂ ತಿನ್ನುತ್ತಾರೆ. ತಿಂದವರು ಈಗ ನಿಮ್ಮ ಕಲ್ಲಿನ ಮೇಲಿದ್ದಾರೆ.

ಫಾಸ್ಫೇಟಿನ ವಿಷಯದಲ್ಲಿ ಮಾತ್ರ ಬಾವಿಗಿಂತ ಮೀನಿನ ಆಹಾರದ ಡಬ್ಬಿಯೇ ದೊಡ್ಡದು. ಒಣ ಆಹಾರದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಫಾಸ್ಫರಸ್ ಇದ್ದೇ ಇರುತ್ತದೆ. ದಿನಕ್ಕೆ ಬರೀ 0.2 ಗ್ರಾಂ ಹಾಕಿದರೂ 2 ಮಿಲಿಗ್ರಾಂ ಫಾಸ್ಫರಸ್, ಅಂದರೆ 6 ಮಿಲಿಗ್ರಾಂ ಫಾಸ್ಫೇಟ್. 200 ಲೀಟರಿಗೆ 0.03 ಪಿಪಿಎಮ್, ದಿನಾ. ಐದು ಸಣ್ಣ ಮೀನುಗಳಿಗೆ ಅಷ್ಟು ಸಾಕು. ಎರಡು ಬೆರಳಿನ ಚಿಟಿಕೆಯನ್ನು ಒಮ್ಮೆ ಅಡುಗೆಯ ಸಣ್ಣ ತಕ್ಕಡಿಯಲ್ಲಿ ತೂಗಿ ನೋಡಿ. ಹೆಚ್ಚಿನವರು ಇದರ ಎರಡು ಮೂರು ಪಟ್ಟು ಹಾಕುತ್ತಿರುತ್ತಾರೆ. ಪ್ಯಾಕೆಟ್ಟಿನ ಫ್ರೋಜನ್ ಸಿಗಡಿ ಕೊಡುತ್ತಿದ್ದರೆ ನಿಲ್ಲಿಸಿ: ತೂಕ, ತೇವ ಉಳಿಯಲೆಂದು ಅದನ್ನು ಅನೇಕ ಕಡೆ ಪಾಲಿಫಾಸ್ಫೇಟ್ ದ್ರಾವಣದಲ್ಲಿ ಅದ್ದಿರುತ್ತಾರೆ. ಪೇಟೆಯಲ್ಲಿ ಸಿಗುವ ತಾಜಾ ಸಿಗಡಿ ಸುಲಿದು, ಸಣ್ಣಗೆ ಕೊಚ್ಚಿ, ಜಾಲರಿಯಲ್ಲಿ ಎರಡು ಸಲ ತೊಳೆದು ಐಸ್ ಟ್ರೇಯಲ್ಲಿಟ್ಟರೆ ಅದಕ್ಕಿಂತ ಒಳ್ಳೆಯದು, ಅಗ್ಗವೂ ಹೌದು.

ಈಗ ಕಡಲ ನೀರು. ಟಾಗೋರ್ ತೀರ ಕಾಳಿ ನದಿಯ ಅಳಿವೆಯ ಮಗ್ಗುಲಿಗೇ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೀವು ತುಂಬಿಕೊಳ್ಳುವುದು ಅರ್ಧ ಘಟ್ಟದ ಮಳೆ: ಕೆಂಪು ಮಣ್ಣು, ಗದ್ದೆ ತೋಟದ ಗೊಬ್ಬರ, ಸಿಲಿಕೇಟ್. ಇನ್ನರ್ಧವೂ ಬಡ ನೀರಲ್ಲ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ತಳದ ತಂಪು ನೀರು ಪೋಷಕಾಂಶಗಳನ್ನು ಹೊತ್ತು ಮೇಲೇಳುತ್ತದೆ. ತಾರ್ಲೆ, ಬಂಗಡೆ ರಾಶಿ ರಾಶಿ ಬೀಳುವುದು ಆ ಪುಷ್ಟಿಯಿಂದಲೇ. ಮೀನುಗಾರನಿಗೆ ವರವಾದದ್ದು ನಿಮ್ಮ ಗಾಜಿನ ಪೆಟ್ಟಿಗೆಗೆ ಗೊಬ್ಬರ.

ಸಾಣಿಕಟ್ಟಾ ಉಪ್ಪು ಬೇಡ. ಊಟಕ್ಕೆ ಒಳ್ಳೆಯ ಉಪ್ಪು, ಹವಳಕ್ಕೆ ಅರೆಹೊಟ್ಟೆ. ಗದ್ದೆಯಲ್ಲಿ ಕಡಲ ನೀರು ಆರುತ್ತಾ ಬಂದಂತೆ ಸುಣ್ಣದ ಅಂಶ ಮೊದಲು ತಳ ಸೇರುತ್ತದೆ, ಆಮೇಲೆ ಜಿಪ್ಸಂ, ಅದಾದ ಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ, ಪೊಟ್ಯಾಸಿಯಂ ಕೊನೆಯ ಕಹಿ ನೀರಿನಲ್ಲಿ ಉಳಿದು ಹೊರಹೋಗುತ್ತವೆ. ಬಾಚಿ ರಾಶಿ ಮಾಡಿದ ಉಪ್ಪನ್ನು ಮತ್ತೆ ನೀರಿಗೆ ಹಾಕಿದರೆ ಮೂಲ ಕಡಲು ವಾಪಸ್ ಬರುವುದಿಲ್ಲ. ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಕಡಲಿನಷ್ಟೇ 35 ತೋರಿಸುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಷಾರತೆ ಮೂರೂ ಕಡಿಮೆ ಇರುತ್ತವೆ. ಅಯೋಡಿನ್ ಬೆರೆಸಿದ, ಉದುರುದುರಾಗಿ ಬೀಳಲು ಪುಡಿ ಸೇರಿಸಿದ ಪ್ಯಾಕೆಟ್ ಉಪ್ಪಂತೂ ಇನ್ನೂ ಬೇಡ.

ಇರುವ ದಾರಿ ಎರಡು. ಒಂದು, ಹವಳಕ್ಕೆಂದೇ ಮಾರುವ ಕೃತಕ ಕಡಲ ಉಪ್ಪು: ಲೀಟರಿಗೆ 36ರಿಂದ 38 ಗ್ರಾಂ, 40 ಲೀಟರಿಗೆ ಒಂದೂವರೆ ಕೆಜಿಯ ಆಸುಪಾಸು. ಪಂಪ್ ಓಡುತ್ತಿರುವ ಡ್ರಮ್ಮಿನ ನೀರಿಗೆ ಉಪ್ಪನ್ನು ನಿಧಾನ ಹಾಕಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿಯಾಗಿ ಒಡೆದು ತಳ ಹಿಡಿಯುತ್ತದೆ. ಎರಡು, ಕಡಲ ನೀರನ್ನು ಕಾಲ ನೋಡಿ ತರುವುದು. ಡಿಸೆಂಬರ್‌ನಿಂದ ಮೇ ಮಧ್ಯದವರೆಗೆ, ಭರತಿ ಪೂರ್ತಿ ಏರಿದಾಗ, ಅಳಿವೆಯಿಂದ ದೂರ ಹೋಗಿ ದೋಣಿಯವರ ಹತ್ತಿರ ಹೊರಗಡಲಿನ ನೀರು ತರಿಸಿಕೊಳ್ಳಿ. ಬೈತಖೋಲ ಬಂದರಿನೊಳಗಿನ ನೀರಿನಲ್ಲಿ ಡೀಸೆಲ್, ಮೀನು ತೊಳೆದ ನೀರು ಸೇರಿರುತ್ತದೆ, ಅದು ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಮಳೆಗಾಲಕ್ಕೆ ಬೇಕಾದ್ದನ್ನು ಮೇ ತಿಂಗಳಲ್ಲೇ ಕ್ಯಾನ್‌ಗಳಲ್ಲಿ ತುಂಬಿಡಿ. ದಪ್ಪ ಬಟ್ಟೆಯಲ್ಲಿ ಸೋಸಿ, ಬೆಳಕು ಬೀಳದ ಮೂಲೆಯಲ್ಲಿ ಮೂರು ವಾರ ಇಟ್ಟರೆ ತೇಲುಜೀವಿಗಳು ಸತ್ತು ತಳ ಸೇರುತ್ತವೆ. ಮೇಲಿನ ನೀರನ್ನು ಮಾತ್ರ ಬಳಸಿ. ಹಾಕುವ ಮುಂಚೆ ಪಂಪ್ ಅಥವಾ ಏರ್ ಸ್ಟೋನ್ ಇಟ್ಟು ಒಂದು ದಿನ ಗಾಳಿ ಆಡಿಸಿ. ರಿಫ್ರ್ಯಾಕ್ಟೋಮೀಟರನ್ನು 35ರ ದ್ರಾವಣದಿಂದ ಸರಿಹೊಂದಿಸಿ. ಬರೀ ಆರ್‌ಓ ನೀರಿನಿಂದ ಸೊನ್ನೆ ಮಾಡಿದರೆ ಮೇಲಿನ ಅಂಕಿ ತಪ್ಪಬಹುದು.

ಆರಿದ್ದಕ್ಕೆ ತುಂಬುವ ಟಾಪ್‌ಅಪ್ ನೀರಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಅಡುಗೆಮನೆಯ ಆರ್‌ಓ ಇದೆಯಲ್ಲ ಎನ್ನಬೇಡಿ. ಅದರಲ್ಲಿ ರುಚಿಗಾಗಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪಿನಿಂದ ಹಸಿ ನೀರನ್ನೇ ಸ್ವಲ್ಪ ಬೆರೆಸುತ್ತಾರೆ, ಮೇಲಿಂದ ಮಿನರಲ್ ಕಾರ್ಟ್ರಿಜ್. ಮೆಂಬ್ರೇನ್ ದಾಟಿದ ಕೂಡಲೇ, ಈ ಎರಡಕ್ಕೂ ಮುಂಚೆ ಪೈಪಿಗೆ T ಆಕಾರದ ಕವಲು ಹಾಕಿಸಿ ನೀರು ತೆಗೆದುಕೊಳ್ಳಿ. ಅದನ್ನು ಉಳಿದ ಲವಣವನ್ನೂ ಹೀರುವ ಮಿಕ್ಸ್ಡ್ ಬೆಡ್ ಡಿಐ ರೆಸಿನ್ ತುಂಬಿದ ಕ್ಯಾನಿಸ್ಟರ್ ಮೂಲಕ ಹಾಯಿಸಿ. ಟಿಡಿಎಸ್ 0 ಬರಬೇಕು. ಇಲ್ಲಿ ಎರಡು ಹೂಟಗಳಿವೆ. ಚೀರೆಕಲ್ಲಿನ ಬಾವಿ ನೀರು ಹುಳಿಯ ಕಡೆ ವಾಲಿರುತ್ತದೆ, ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚು. ಆ ಅನಿಲ ಮೆಂಬ್ರೇನನ್ನು ಸಲೀಸಾಗಿ ದಾಟಿ ಹೋಗಿ ರೆಸಿನ್ ಅನ್ನು ಬೇಗ ಮುಗಿಸುತ್ತದೆ. ನೀರನ್ನು ಮೊದಲು ಡ್ರಮ್ಮಿಗೆ ತುಂಬಿ ಒಂದು ರಾತ್ರಿ ಏರ್ ಪಂಪ್ ಓಡಿಸಿದರೆ ರೆಸಿನ್ ಹೆಚ್ಚು ದಿನ ಬಾಳುತ್ತದೆ. ಎರಡನೆಯದು, ರೆಸಿನ್ ದಣಿದಾಗ ಮೊದಲು ಸೋರುವುದು ಸಿಲಿಕೇಟ್. ಅದು ವಿದ್ಯುತ್ ಹಾಯಿಸುವುದಿಲ್ಲವಾದ್ದರಿಂದ ಟಿಡಿಎಸ್ ಮೀಟರಿಗೆ ಕಾಣುವುದೇ ಇಲ್ಲ. ಮೀಟರ್ 0 ಅನ್ನುತ್ತಿದ್ದರೂ ಗಾಜಿನ ಮೇಲೆ ಎರಡೇ ದಿನಕ್ಕೆ ಕಂದು ಪುಡಿ ಕೂತರೆ ರೆಸಿನ್ ಬದಲಿಸುವ ಹೊತ್ತಾಯಿತೆಂದೇ ತಿಳಿಯಿರಿ.

ನಮ್ಮ ಊರಲ್ಲಿ ಇನ್ನೊಂದು ಅನುಕೂಲ ಪುಕ್ಕಟೆ ಸುರಿಯುತ್ತದೆ. ಜುಲೈ ಮಳೆ ಜಡಿ ಹಿಡಿದಾಗ, ಮೊದಲ ಅರ್ಧ ಗಂಟೆ ಬಿಟ್ಟು, ಅಂಗಳದಲ್ಲಿ ಹೊಸ ಪ್ಲಾಸ್ಟಿಕ್ ಹಾಳೆ ಕಟ್ಟಿ ನೇರ ಆಕಾಶದಿಂದ ಹಿಡಿದ ನೀರಿನ ಟಿಡಿಎಸ್ ಬಹಳ ಕಡಿಮೆ. ಕಾರ್ಬನ್ ಫಿಲ್ಟರ್, ಆಮೇಲೆ ಡಿಐ ದಾಟಿಸಿದರೆ ಮೆಂಬ್ರೇನೇ ಬೇಡ. ಹೆಂಚಿನ ಮಾಡಿನಿಂದ ಇಳಿದದ್ದು ಬೇಡ, ಅದರಲ್ಲಿ ಹಾವಸೆ, ಹಕ್ಕಿ ಹಿಕ್ಕೆ. ತಗಡಿನಿಂದ ಇಳಿದದ್ದರಲ್ಲಿ ಸತು. ಮಾವಿನ ಮರದಡಿಯದ್ದಂತೂ ಚಹಾ ಬಣ್ಣ.

ಒಳಬರುವುದಕ್ಕೆ ಕಡಿವಾಣ ಹಾಕದೆ ಪಾಚಿ ಕಿತ್ತರೆ ವಾರದಲ್ಲಿ ಮತ್ತೆ ಹುಟ್ಟುತ್ತದೆ. ಆದ್ದರಿಂದ ಇಷ್ಟೂ ಮೊದಲು ಹೇಳಿದ್ದು. ಇನ್ನು ಕೀಳುವ ಕೆಲಸ. ಹಸಿರು ಕೂದಲಿನ ಒಂದು ಎಳೆಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೋಡಿ. ಬರೀ ನವಿರಾದ ಎಳೆಯಾದರೆ ಸಾಮಾನ್ಯ ಕೂದಲು ಪಾಚಿ. ನಡುವೆ ದಂಟು, ಎರಡೂ ಬದಿಗೆ ಗರಿಯಂತೆ ಕವಲಿದ್ದರೆ ಬ್ರಯೋಪ್ಸಿಸ್. ಅದು ಆಹಾರ ಕಡಿಮೆ ಮಾಡಿದ್ದಕ್ಕೆ ಬಗ್ಗುವುದಿಲ್ಲ, ಅದರ ಮಾತು ಕೊನೆಗೆ.

ನೀರು ಬದಲಿಸುವ ದಿನವೇ ಕೀಳಿ. ಪಂಪ್‌ಗಳನ್ನು ನಿಲ್ಲಿಸಿ, ಒಂದು ಕೈಯಲ್ಲಿ ಬೆರಳಗಲದ ಸೈಫನ್ ಪೈಪು, ಇನ್ನೊಂದರಲ್ಲಿ ಪಾಚಿಯ ಬುಡ. ಪೈಪಿನ ಬಾಯಿ ಬೆರಳ ಪಕ್ಕದಲ್ಲೇ ಇರಲಿ. ತೇಲಿಹೋದ ತುಣುಕು ಇನ್ನೊಂದು ಕಲ್ಲಿನಲ್ಲಿ ಬೇರೂರುತ್ತದೆ. ಹವಳವಿಲ್ಲದ ಕಲ್ಲುಗಳನ್ನು ಹೊರತೆಗೆದು, ತೆಗೆದ ಟ್ಯಾಂಕ್ ನೀರಿನ ಬಕೆಟ್ಟಿನಲ್ಲಿ ಗಟ್ಟಿ ಟೂತ್‌ಬ್ರಷ್‌ನಿಂದ ಉಜ್ಜಿ. ನಲ್ಲಿ ನೀರಿನಲ್ಲಿ ತೊಳೆದರೆ ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಸಾಯುತ್ತವೆ. ಉಜ್ಜಿದ ಮೇಲೂ ಉಳಿದ ಬುಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬ್ರಷ್‌ನಿಂದ ಹಚ್ಚಿ, ಎರಡು ನಿಮಿಷ ಬಿಟ್ಟು, ಟ್ಯಾಂಕ್ ನೀರಿನಲ್ಲಿ ಅದ್ದಿ ತೊಳೆದು ಒಳಗಿಡಿ. ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 20 ವಾಲ್ಯೂಮ್‌ನದು, ಅಂದರೆ ಸುಮಾರು 6 ಶೇಕಡಾ. ಅಷ್ಟೇ ಪ್ರಮಾಣದ ಆರ್‌ಓ ನೀರು ಬೆರೆಸಿ 3 ಶೇಕಡಾ ಮಾಡಿಕೊಳ್ಳಿ. ಒಂದೇ ದಿನ ಎಲ್ಲ ಕಲ್ಲಿಗೂ ಹಚ್ಚಬೇಡಿ, ವಾರಕ್ಕೆ ಕಾಲು ಭಾಗ ಸಾಕು. ಸೀಗಡಿ ಜಾತಿಯವು ಪೆರಾಕ್ಸೈಡ್‌ಗೆ ಬೇಗ ಸೋಲುತ್ತವೆ.

ಇಲ್ಲೊಂದು ಎಚ್ಚರಿಕೆ, ಇದು ಪಾಚಿಗಿಂತ ಮುಖ್ಯ. ನಿಮ್ಮಲ್ಲಿ ಝೊವಾಂಥಿಡ್‌ಗಳಿವೆ. ಆ ಕುಲದ ಕೆಲವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಉಜ್ಜುವುದಾದರೆ ಕೈಗವಸು, ಕನ್ನಡಕ ಹಾಕಿಯೇ ಉಜ್ಜಿ. ಪಾಚಿ ಸಾಯಲಿ ಎಂದು ಕಲ್ಲನ್ನು ಹಂಡೆಯಲ್ಲಿ ಕುದಿಸುವ ಯೋಚನೆ ಬಂದರೆ ಅಲ್ಲಿಗೇ ಬಿಡಿ: ಆವಿಯ ಜೊತೆ ವಿಷ ಮನೆಯವರ ಶ್ವಾಸಕೋಶಕ್ಕೆ ಹೋಗುತ್ತದೆ. ಹೀಗೆ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ವಾರಕ್ಕೊಮ್ಮೆ 40 ಲೀಟರ್, ಅಂದರೆ ಐದನೇ ಒಂದು ಭಾಗ ನೀರು ಬದಲಿಸಿ. ಫಾಸ್ಫೇಟ್ ಇಳಿಯಲಿಲ್ಲ ಎಂದು ಬೇಸರಪಡಬೇಡಿ. ಸುಣ್ಣದ ಕಲ್ಲು, ಮರಳು ಎರಡೂ ಫಾಸ್ಫೇಟನ್ನು ಹೀರಿಟ್ಟುಕೊಂಡಿರುತ್ತವೆ. ನೀರಿನಲ್ಲಿ ಕಡಿಮೆಯಾದಂತೆ ಅವು ಬಿಟ್ಟುಕೊಡುತ್ತವೆ, ನಾಲ್ಕೈದು ದಿನದಲ್ಲಿ ಅಂಕಿ ಮತ್ತೆ ಏರುತ್ತದೆ. ಫೋಟೋಮೀಟರ್ 0.1ಕ್ಕಿಂತ ಹೆಚ್ಚು ತೋರಿಸಿದರೆ ಮಾತ್ರ ಕಬ್ಬಿಣದ ಆಕ್ಸೈಡಿನ ಹರಳು, ಜಿಎಫ್‌ಓ ಅನ್ನುವ ಪದಾರ್ಥ ಬಳಸಿ. ಮೊದಲು 30–40 ಗ್ರಾಂ, ಆರ್‌ಓ ನೀರಿನಲ್ಲಿ ಧೂಳು ಹೋಗುವಂತೆ ತೊಳೆದು. ಪ್ಯಾಕೆಟ್ ಮೇಲೆ ಬರೆದ ಪೂರ್ತಿ ಪ್ರಮಾಣ ಒಂದೇ ಸಲ ಹಾಕಿದರೆ ಫಾಸ್ಫೇಟ್ ಧಡಕ್ಕನೆ ಇಳಿದು ಪಾಚಿಗಿಂತ ಮೊದಲು ಹವಳ ಸೊರಗುತ್ತದೆ.

ಲೈಟ್ ದಿನಕ್ಕೆ 7–8 ಗಂಟೆ, ಬಿಳಿ ಕಡಿಮೆ, ನೀಲಿ ಮುಖ್ಯ. ಪಶ್ಚಿಮದ ಕಿಟಕಿಯ ಬಿಸಿಲು ಟ್ಯಾಂಕಿಗೆ ತಾಗದಿರಲಿ. ಮೂರು ದಿನ ಕತ್ತಲು ಮಾಡುವ ಉಪಾಯ ಈ ಹಂತದಲ್ಲಿ ಅಪಾಯ: ಅಷ್ಟೊಂದು ಕೂದಲು ಪಾಚಿ ಒಟ್ಟಿಗೆ ಕೊಳೆತರೆ ಆಮ್ಲಜನಕ ಕುಸಿಯುತ್ತದೆ. ಮಳೆಗಾಲದ ರಾತ್ರಿ ಕರೆಂಟ್ ಹೋದರೂ ಅದೇ ಗತಿ, ಹಾಗಾಗಿ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ.

ಪಾಚಿ ಗಿಡ್ಡವಾದ ಮೇಲೆ ಬಸವನಹುಳುಗಳನ್ನು ಬಿಡಿ, ಟ್ರೋಕಸ್ ಅಥವಾ ಟರ್ಬೊ ಎಂಟು ಹತ್ತು. ಉದ್ದ ಕೂದಲನ್ನು ಅವು ಮುಟ್ಟುವುದಿಲ್ಲ. ಬಂಡೆಗಳಿಂದ ಹೆಕ್ಕಿ ತರಬಹುದಲ್ಲ ಅನ್ನಿಸೀತು. ಭರತಿಯ ಗೆರೆಯಲ್ಲಿರುವ ನೆರಿಟಾ ಹುಳು ನೀರಿನಿಂದ ಹೊರಗೆ ಹತ್ತುವ ಅಭ್ಯಾಸದ್ದು, ಬೆಳಿಗ್ಗೆ ನೆಲದ ಮೇಲೆ ಸಿಗುತ್ತದೆ. ಅಲ್ಲೇ ಸಿಗುವ ಥೈಸ್ ಜಾತಿಯದು ಪಾಚಿ ತಿನ್ನುವುದಿಲ್ಲ, ಪಾಚಿ ತಿನ್ನುವ ಹುಳುಗಳನ್ನು ತಿನ್ನುತ್ತದೆ. ಸರ್ಜನ್ ಮೀನು, ಮೊಲಮೀನು ಪಾಚಿ ಮೇಯುತ್ತವೆ ನಿಜ, ಆದರೆ ನಾಲ್ಕು ಅಡಿ ಟ್ಯಾಂಕ್ ಅವಕ್ಕೆ ಜೈಲು. ಹೇಗೂ ಬಂಡೆಯ ಮಾತು ಬಂತು: ನೇತ್ರಾಣಿ ದ್ವೀಪದ ಕಡೆಯಿಂದ ಹವಳದ ಕಲ್ಲು ತಂದುಕೊಡುತ್ತೇನೆ ಎನ್ನುವವರಿದ್ದರೆ ದೂರ ಇಡಿ. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತ ತುಂಡೂ ಅಪರಾಧವೇ.

ಮರಳಿನ ಕಂದು ಪದರ ಬೇರೆ ಕಥೆ. ಬೆರಳಲ್ಲಿ ಆಡಿಸಿ ನೋಡಿ. ಹಗುರ ಪುಡಿಯಂತೆ ಚದುರಿದರೆ ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಿಲಿಕೇಟ್ ನಿಂತರೆ ಅದೂ ನಿಲ್ಲುತ್ತದೆ; ನಿಮ್ಮದು ಇದೇ ಇರುವ ಸಂಭವ ಹೆಚ್ಚು. ಕೆಂಪು ಛಾಯೆಯ ಹಾಳೆಯಾಗಿ, ದೋಸೆ ಎದ್ದಂತೆ ಎದ್ದುಬಂದರೆ ಸಯನೋಬ್ಯಾಕ್ಟೀರಿಯಾ. ಸೈಫನ್‌ನಿಂದ ಎಳೆದು ತೆಗೆದು, ಆ ಮೂಲೆಗೆ ನೀರಿನ ಹರಿವು ಹೆಚ್ಚಿಸಿ. ಒಟ್ಟು ಹರಿವು ಗಂಟೆಗೆ 4000–8000 ಲೀಟರ್ ಇರಲಿ. ಎರಿಥ್ರೊಮೈಸಿನ್ ಗುಳಿಗೆ ಹಾಕುವವರಿದ್ದಾರೆ. ಉಪಯುಕ್ತ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳುತ್ತದೆ, ಹಾಕಬೇಡಿ. ಲೋಳೆಯ ದಾರ, ದಾರದ ತುದಿಗೆ ಗಾಳಿಗುಳ್ಳೆ, ಬೆಳಿಗ್ಗೆ ಕಡಿಮೆಯಾಗಿ ಸಂಜೆಗೆ ದಟ್ಟವಾಗುವುದು, ಹುಳುಗಳು ಸಾಯುವುದು, ಇವು ಕಂಡರೆ ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಯ ಅನುಮಾನ. ಸ್ವಲ್ಪ ತೆಗೆದು ಟ್ಯಾಂಕ್ ನೀರಿನ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಇಳಿದ ತಿಳಿನೀರನ್ನು ಲೈಟಿನಡಿ ಒಂದು ಗಂಟೆ ಇಡಿ. ಮತ್ತೆ ಲೋಳೆ ಕೂಡಿಕೊಂಡರೆ ಅದೇ. ಆಗ ಚಿಕಿತ್ಸೆ ತದ್ವಿರುದ್ಧ: ಜಿಎಫ್‌ಓ ತೆಗೆದು, ನೈಟ್ರೇಟ್ 5–10, ಫಾಸ್ಫೇಟ್ 0.05–0.1 ಇರುವಂತೆ ನೋಡಿಕೊಳ್ಳಬೇಕು. ಅತಿ ಶುಚಿಯಾದ ನೀರೇ ಅದಕ್ಕೆ ಇಷ್ಟ. ಅದಕ್ಕೇ ಮೇಲೆ ಎಲ್ಲೂ ಸೊನ್ನೆ ಮಾಡಿ ಎಂದು ಹೇಳಿಲ್ಲ.

ಕೊನೆಗೆ ಔಷಧಿ. ಗರಿಯಂಥ ಬ್ರಯೋಪ್ಸಿಸ್ ಖಚಿತವಾದರೆ ಮಾತ್ರ ಫ್ಲುಕೊನಜೋಲ್, ಲೀಟರಿಗೆ ಸುಮಾರು 5 ಮಿಲಿಗ್ರಾಂ. ನಿಮ್ಮ 200 ಲೀಟರಿಗೆ 1000 ಮಿಲಿಗ್ರಾಂ, 150ರ ಗುಳಿಗೆ 7. ಚೀಟಿ ಇಲ್ಲದೆ ಮಾರುವಂತಿಲ್ಲದ ಔಷಧಿ ಅದು. ಕಾರ್ಬನ್, ಜಿಎಫ್‌ಓ ತೆಗೆದಿಡಿ, ನೊರೆಯ ಜೊತೆ ಕೊಳೆ ತೆಗೆಯುವ ಸ್ಕಿಮ್ಮರ್ ಇದ್ದರೆ ಅದರ ಕಪ್ ಬಿಚ್ಚಿ ಗಾಳಿ ಮಾತ್ರ ಓಡಲಿ, ಎರಡರಿಂದ ಮೂರು ವಾರ ನೀರು ಬದಲಿಸಬೇಡಿ. ಮೊದಲ ವಾರ ಏನೂ ಆಗದಂತೆ ಕಾಣುತ್ತದೆ, ಆಮೇಲೆ ಬಣ್ಣ ಬಿಡುತ್ತದೆ. ಮುಗಿದ ಮೇಲೆ ಹೊಸ ಕಾರ್ಬನ್ ಇಟ್ಟು ಮೂರು ದಿನ ಓಡಿಸಿಯೇ ನೀರು ಹೊರಚೆಲ್ಲಿ, ಅದೂ ಬಾವಿಯಿಂದ ದೂರ. ಸಾಮಾನ್ಯ ಕೂದಲು ಪಾಚಿಗೆ ಇದ್ಯಾವುದೂ ಬೇಡ. ಆರರಿಂದ ಹತ್ತು ವಾರ ಹಿಡಿಯುತ್ತದೆ. ಎಳೆ ಪೇಲವವಾಗಿ, ಎಳೆದರೆ ಬುಡ ಸಮೇತ ಸುಲಭಕ್ಕೆ ಬರತೊಡಗಿದರೆ ಕೆಲಸ ಹಿಡಿದಿದೆ ಎಂದರ್ಥ. ಕಿತ್ತ ಪಾಚಿಯನ್ನು ಗಟಾರಕ್ಕೆ, ಕಾಳಿಗೆ ಬಿಡಬೇಡಿ. ಹವಳದ ಜೊತೆ ಬೇರೆ ಸಮುದ್ರದ ಜೀವಿಗಳೂ ಬಂದಿರುತ್ತವೆ. ಬಿಸಿಲಿಗೆ ಚೆನ್ನಾಗಿ ಒಣಗಿಸಿ ತೆಂಗಿನ ಬುಡಕ್ಕೆ ಹಾಕಿ. ಅಷ್ಟು ಉಪ್ಪು ಅದು ತಾಳಿಕೊಳ್ಳುತ್ತದೆ.